ಡೊಂಕು ಮೈಗೆ ಟೆಕ್ಸ್ಚರ್ ಕೂರಿಸುವ ಬಗೆ: ಒಂದು ದೋಟಿ ಹಿಡಿಯ ಜೊತೆ ಹಂತ ಹಂತವಾಗಿ

ನಮ್ಮ ಚಿಕ್ಕಪ್ಪನ ಅಡಿಕೆ ತೋಟ ಇರುವುದು ತೀರ್ಥಹಳ್ಳಿ ಕಡೆ. ಅಲ್ಲಿ ಮಳೆಗಾಲ ಅಂದ್ರೆ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕಾಲ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡಿಟ್ಟುಕೊಂಡು, ಮಳೆ ಹೊಳವಾಗುವುದನ್ನೇ ಕಾಯ್ದು ದೋಟಿ, ಅಂದ್ರೆ ಔಷಧಿ ಹೊಡೆಯುವ ಉದ್ದನೆ ಕೋಲು, ಎತ್ತಬೇಕು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವ ಕಷ್ಟ ಎಷ್ಟೋ ತಪ್ಪಿದೆ. ಆದರೆ ಅದರ ಮೈ ಬಲು ನುಣುಪು. ಕೈ ಒದ್ದೆ, ದೋಟಿ ಒದ್ದೆ, ಮೇಲಿಂದ ಔಷಧಿ ಬೇರೆ ಸೋರಿಕೊಂಡು ಬರುತ್ತದೆ. "ಇದಕ್ಕೊಂದು ಹಿಡಿ ಮಾಡಿಕೊಡೋ ಮಾರಾಯ. ನುಣ್ಣಗಿದ್ರೆ ಜಾರ್ತದೆ, ಒರಟಾದ್ರೆ ಕೈ ಸುಲೀತದೆ" ಅಂದರು ಚಿಕ್ಕಪ್ಪ.

ನಾನು ಶಿವಮೊಗ್ಗದಲ್ಲಿ ಕ್ಯಾಡ್ ಕೆಲಸ, ಅಂದ್ರೆ ಕಂಪ್ಯೂಟರಿನಲ್ಲಿ ವಸ್ತುಗಳ ಮಾಡೆಲ್ ಮಾಡುವ ಕೆಲಸ, ಮಾಡುತ್ತೇನೆ. ಹಿಡಿಯ ಆಕಾರ ಒಂದೇ ಸಂಜೆಯಲ್ಲಿ ಮುಗಿಯಿತು. ಅಂಗೈ ಕೂರುವಲ್ಲಿ ದಪ್ಪ, ಬೆರಳು ಸುತ್ತುವಲ್ಲಿ ತಗ್ಗು, ತುದಿಯಲ್ಲಿ ಸಣ್ಣ. ಎಡವಿದ್ದು ಅದರ ಮೇಲೆ ಟೆಕ್ಸ್ಚರ್, ಅಂದ್ರೆ ಹಿಡಿತಕ್ಕೆ ಬೇಕಾದ ಉಬ್ಬು ತಗ್ಗಿನ ಡಿಸೈನ್, ಕೂರಿಸಲು ಹೋದಾಗ. ಒಂದು ಸ್ಕೆಚ್‌ನಲ್ಲಿ ವಜ್ರದ ಆಕಾರದ ಗೆರೆಗಳನ್ನು ಹಾಕಿ, ಟಾರ್ಚ್ ಬೆಳಕು ಬಿಟ್ಟ ಹಾಗೆ ಎದುರಿನಿಂದ ಹಿಡಿಯ ಮೇಲೆ ಪ್ರೊಜೆಕ್ಟ್ ಮಾಡಿದೆ. ಎದುರಿನಿಂದ ನೋಡಿದರೆ ಚಂದವೋ ಚಂದ. ಮಾಡೆಲ್ ತಿರುಗಿಸಿದೆ. ಪಕ್ಕದಲ್ಲಿ ವಜ್ರಗಳೆಲ್ಲ ಎಳೆದು ಎಳೆದು ಬರೀ ಗೆರೆಗಳಾಗಿದ್ದವು. ಅವಸರದಲ್ಲಿ ಹಾಗೇ ಪ್ರಿಂಟ್ ತೆಗೆದು ಕೊಟ್ಟೆ. ಅಂಗೈ ನಡುವೆ ಹಿಡಿತ ಇತ್ತು. ಬೆರಳು ಸುತ್ತುವ ಕಡೆ, ಅಂದ್ರೆ ಹಿಡಿತ ನಿಜಕ್ಕೂ ಬೇಕಾದ ಕಡೆ, ಜಾರುತ್ತಿತ್ತು.

ಮೈ ಹೇಗೆ ಬಾಗಿದೆ ಅಂತ ನೋಡದೆ ಟೂಲ್ ಆರಿಸಿದ್ದೇ ಅಲ್ಲಿ ಆದ ತಪ್ಪು. ಕಲಿಯುವವರು ನನ್ನ ಹತ್ತಿರ ಬಂದಾಗಲೂ ಮೊದಲ ಪ್ರಶ್ನೆ "ಯಾವ ಕಮಾಂಡ್ ಬಳಸಬೇಕು" ಅಂತಲೇ ಇರುತ್ತದೆ. ನಾನು ಮೊದಲು ಮಾಡೆಲ್ ತೋರಿಸಿ ಅನ್ನುತ್ತೇನೆ. ಕಮಾಂಡ್ ಯಾವುದು ಅಂತ ಆ ಮೈಯೇ ಹೇಳುತ್ತದೆ.

ಹಂತ 1: ಮೈಯ ಬಾಗು ನೋಡಿ

ನೆನೆಸಿದ ಅಡಿಕೆ ಹಾಳೆಯನ್ನು ಒಂದು ಪಿವಿಸಿ ಪೈಪಿಗೆ ಸುತ್ತಿ ನೋಡಿ. ಸುಕ್ಕಿಲ್ಲದೆ ಕೂರುತ್ತದೆ. ಅದೇ ಹಾಳೆಯಿಂದ ಟೊಪ್ಪಿ ಮಾಡಬೇಕಾದರೆ? ಎರಡೂ ತುದಿ ಮಡಚಿ ಹೊಲಿಯಲೇಬೇಕು. ತಲೆ ಎರಡು ದಿಕ್ಕಿಗೂ ಬಾಗಿದೆ, ಹಾಳೆ ಹಾಗೆ ಬಾಗುವುದಿಲ್ಲ. ಹೆಚ್ಚಾದ ಹಾಳೆ ಎಲ್ಲಾದರೂ ಹೋಗಬೇಕಲ್ಲ, ಅದಕ್ಕೇ ಆ ಮಡಿಕೆ. ಬಿಸಿ ಅಚ್ಚಿನಲ್ಲಿ ಒತ್ತಿದ ಹಾಳೆ ತಟ್ಟೆಯ ಅಂಚಿನಲ್ಲೂ ಇದೇ ನೆರಿಗೆ ಕಾಣುತ್ತದೆ. ಗೌಸ್ ಎಂಬ ಗಣಿತಜ್ಞ 1827ರಲ್ಲಿ ಇದನ್ನು ಲೆಕ್ಕದಲ್ಲಿ ತೋರಿಸಿದ. ಎರಡು ದಿಕ್ಕಿಗೆ ಬಾಗಿದ ಮೈಯನ್ನು ಹಿಗ್ಗಿಸದೆ, ಹರಿಯದೆ ಚಪ್ಪಟೆ ಮಾಡಲು ಆಗುವುದೇ ಇಲ್ಲ.

ನಮ್ಮ ಟೆಕ್ಸ್ಚರ್ ಚಿತ್ರವೂ ಚಪ್ಪಟೆ ಹಾಳೆಯೇ. ಹಾಗಾಗಿ ಮೈ ಮೂರು ಜಾತಿ ಅಂದುಕೊಳ್ಳಿ.

ಒಂದು, ಪೈಪು, ಕೊಳವೆ, ಶಂಕುವಿನ ಜಾತಿ. ಒಂದೇ ದಿಕ್ಕಿಗೆ ಬಾಗಿರುತ್ತದೆ, ಇನ್ನೊಂದು ದಿಕ್ಕಿನಲ್ಲಿ ಸ್ಕೇಲ್ ಇಟ್ಟರೆ ನೇರವಾಗಿ ಕೂರುತ್ತದೆ. ಇಲ್ಲಿ ಸುತ್ತುವ ಟೂಲ್ ಸಾಕು.

ಎರಡು, ಮಾವಿನಕಾಯಿ, ಚೆಂಡಿನ ಜಾತಿ. ಎರಡೂ ದಿಕ್ಕಿಗೆ ಒಂದೇ ಕಡೆ ಬಾಗಿದ್ದು.

ಮೂರು, ಕುದುರೆ ಜೀನಿನ ಜಾತಿ. ಒಂದು ದಿಕ್ಕಿಗೆ ಉಬ್ಬು, ಇನ್ನೊಂದು ದಿಕ್ಕಿಗೆ ತಗ್ಗು. ಹಿಡಿಯಲ್ಲಿ ಬೆರಳು ಕೂರುವ ಜಾಗ ಸಾಮಾನ್ಯವಾಗಿ ಹೀಗೇ ಇರುತ್ತದೆ.

ಸಾಫ್ಟ್‌ವೇರ್‌ನಲ್ಲಿ ಇದನ್ನು ನೋಡಲು ಕರ್ವೇಚರ್ (ಬಾಗು) ಅನಾಲಿಸಿಸ್ ಇದೆ. ರೈನೋ ಎಂಬ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಗೌಸಿಯನ್ ಕರ್ವೇಚರ್ ಆರಿಸಿದರೆ, ಸೊನ್ನೆ ಇರುವ ಕಡೆ ಮೊದಲ ಜಾತಿ, ಪ್ಲಸ್ ಇದ್ದರೆ ಎರಡನೆಯದು, ಮೈನಸ್ ಇದ್ದರೆ ಮೂರನೆಯದು. ಆ ಟೂಲ್ ಇಲ್ಲವಾ? ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು ಸೆಕ್ಷನ್ ಕತ್ತರಿಸಿ ನೋಡಿ. ಎರಡೂ ಗೆರೆ ಚೆನ್ನಾಗಿ ಬಾಗಿದ್ದರೆ ಸುತ್ತುವ ಟೂಲ್ ಮರೆತುಬಿಡಿ.

ಇಷ್ಟಾದ ಮೇಲೆ ಮನೆಯಲ್ಲಿ ಹಲಸಿನಕಾಯಿ ಇದ್ದರೆ ಎದುರಿಗೆ ಇಟ್ಟುಕೊಳ್ಳಿ. ನಿಜವಾಗಿ ಹೇಳುತ್ತಿದ್ದೇನೆ. ಅಂಕುಡೊಂಕು ಮೈ ಮೇಲೆ ಟೆಕ್ಸ್ಚರ್ ಹೇಗಿರಬೇಕು ಅಂತ ನನಗೆ ಅರ್ಥವಾಗಿದ್ದು ಅದನ್ನು ತಿರುಗಿಸಿ ತಿರುಗಿಸಿ ನೋಡಿದಾಗ. ತೊಟ್ಟಿನ ಹತ್ತಿರ ಮುಳ್ಳು ಸಣ್ಣ, ಒತ್ತೊತ್ತಾಗಿ ಇರುತ್ತದೆ. ಹೊಟ್ಟೆಯ ಕಡೆ ಬಂದಂತೆ ಅಗಲ ಆಗುತ್ತದೆ. ಕಾಯಿ ತಗ್ಗಿದ ಕಡೆ ಮುಳ್ಳು ಒಂದಕ್ಕೊಂದು ಒತ್ತಿಕೊಂಡಿರುತ್ತದೆ. ಎಲ್ಲೂ ಎಳೆದ ಹಾಗೆ ಕಾಣುವುದಿಲ್ಲ, ಎಲ್ಲೂ ಜೋಡಿಸಿದ ಗೆರೆ ಇಲ್ಲ. ಮುಳ್ಳಿನ ಬುಡ ಎಣಿಸಿ. ಕೆಲವಕ್ಕೆ ಆರು ಬದಿ, ಕೆಲವಕ್ಕೆ ಐದು. ಫುಟ್‌ಬಾಲ್‌ನಲ್ಲೂ ಹೀಗೇ ಅಲ್ವಾ? 20 ಆರು ಮೂಲೆಯ ತುಂಡು, 12 ಐದು ಮೂಲೆಯ ತುಂಡು. ಆರು ಮೂಲೆಯದೊಂದರಿಂದಲೇ ಚೆಂಡು ಮುಚ್ಚಲು ಆಗುವುದಿಲ್ಲ. ನಿಮ್ಮ ಮಾಡೆಲ್‌ನಲ್ಲಿ ಜೇನುಗೂಡಿನ ಡಿಸೈನ್ ಎಲ್ಲೋ ಒಂದು ಕಡೆ ಕೂಡಿಕೊಳ್ಳದೆ ಹಟ ಮಾಡಿದರೆ ಅದು ನಿಮ್ಮ ಕೈ ತಪ್ಪಲ್ಲ.

ಹಂತ 2: ಇದನ್ನು ಮಾಡೆಲ್ ಮಾಡಲೇಬೇಕಾ?

ಬಹಳ ಜನ ಇಲ್ಲಿ ಸುಮ್ನೆ ದಿನಗಟ್ಟಲೆ ಕಳೆಯುತ್ತಾರೆ. ಪ್ಲಾಸ್ಟಿಕ್ ಡಬ್ಬಿಯ ಮೇಲಿರುವ ಮಂಕು ಹೊಳಪು, ಸಣ್ಣ ಮರಳಿನಂಥ ಮೈ, ಇವನ್ನೆಲ್ಲ ಕ್ಯಾಡ್‌ನಲ್ಲಿ ಮಾಡುವುದೇ ಬೇಡ. ಅಚ್ಚಿನ ಮೇಲೆ ಅದನ್ನು ತರುತ್ತಾರೆ. ನೀವು ಡ್ರಾಯಿಂಗ್‌ನಲ್ಲಿ ಮುಖ ಗುರುತು ಮಾಡಿ ನಂಬರ್ ಬರೆದರೆ ಸಾಕು. ವಿಡಿಐ 3400 ಎಂಬ ಅಳತೆಪಟ್ಟಿ ಇದಕ್ಕೇ ಇರುವುದು. ಅದರಲ್ಲಿ 24 ಅಂದ್ರೆ ಒರಟುತನ ಆರ್‌ಎ (ಮೈಯ ಸರಾಸರಿ ಏರಿಳಿತ) 1.6 ಮೈಕ್ರಾನ್, 30 ಅಂದ್ರೆ 3.15 ಮೈಕ್ರಾನ್.

ನನ್ನ ಲೆಕ್ಕ ಸರಳ. ಬೆರಳ ತುದಿಗೆ ಒಂದೊಂದಾಗಿ ಎಣಿಸಲು ಸಿಗುವ ಟೆಕ್ಸ್ಚರ್ ಆದರೆ ಮಾಡೆಲ್ ಮಾಡಿ. ಒಟ್ಟಾಗಿ ತರಿ ತರಿ ಅನ್ನಿಸುವುದಾದರೆ ಡ್ರಾಯಿಂಗ್‌ನಲ್ಲಿ ಬರೆಯಿರಿ. 3ಡಿ ಪ್ರಿಂಟ್‌ಗೆ ತರಿ ಮೈ ಬೇಕಾದರೆ ಸ್ಲೈಸರ್‌ನಲ್ಲೇ (ಮಾಡೆಲನ್ನು ಪ್ರಿಂಟರ್‌ಗಾಗಿ ಪದರ ಪದರ ಮಾಡಿ ಕೊಡುವ ಸಾಫ್ಟ್‌ವೇರ್) ಫಜಿ ಸ್ಕಿನ್ ಇದೆ. ಪ್ರೂಸಾ ಸ್ಲೈಸರ್‌ನಲ್ಲೂ ಕ್ಯೂರಾದಲ್ಲೂ ಸಿಗುತ್ತದೆ. ಒಂದು ಟಿಕ್ ಹಾಕಿದರೆ ಪಕ್ಕದ ಗೋಡೆಗಳೆಲ್ಲ ತರಿ ಆಗುತ್ತವೆ.

ಹಂತ 3: ಗುಳ್ಳೆಯ ಅಳತೆ ಮೊದಲೇ ತೀರ್ಮಾನಿಸಿ

ನಮ್ಮ ಹಿಡಿ 120 ಮಿ.ಮೀ. ಉದ್ದ, ದಪ್ಪ ಇರುವ ಕಡೆ ಸುತ್ತಳತೆ 110 ಮಿ.ಮೀ. ಎರಡನೇ ಸಲ ನಾನು ಗುಂಡಿ ಗುಂಡಿ ಇರುವ ಟೆಕ್ಸ್ಚರ್ ಮಾಡಿದ್ದೆ. ಹಿಡಿತ ಚೆನ್ನಾಗಿತ್ತು. ಆದರೆ ಎರಡೇ ದಿನಕ್ಕೆ ಗುಂಡಿಯಲ್ಲೆಲ್ಲ ಸುಣ್ಣ ಮೈಲುತುತ್ತ ಒಣಗಿ ತಿಳಿ ನೀಲಿ ಗಟ್ಟಿ ಕಟ್ಟಿತು. ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿದರೂ ಪೂರ್ತಿ ಬರಲಿಲ್ಲ. ಗುಂಡಿ ತುಂಬಿದ ಮೇಲೆ ಹಿಡಿ ಮತ್ತೆ ನುಣುಪು. ಅದಕ್ಕೆ ಹೊರಗೆ ಎದ್ದ ಗುಳ್ಳೆಯೇ ಬೇಕು, ಗುಳ್ಳೆಗಳ ನಡುವೆ ನೀರು ಹರಿದು ಹೋಗಲು ದಾರಿ ಬೇಕು ಅಂತ ಆಯಿತು.

ಕೊನೆಗೆ ಇಟ್ಟುಕೊಂಡ ಅಳತೆ: ಗುಳ್ಳೆಯ ಬುಡ 4 ಮಿ.ಮೀ. ಅಗಲ, ಎತ್ತರ 0.5 ಮಿ.ಮೀ., ನಡುವಿನ ಜಾಗ ಕಡಿಮೆ ಅಂದರೂ 1.2 ಮಿ.ಮೀ. ತಲೆ ಗುಂಡಗೆ. ಇಂಥ ಗುಳ್ಳೆಯ ಅಂಚು ಮೈಯಿಂದ ಎಷ್ಟು ಡಿಗ್ರಿಯಲ್ಲಿ ಏಳುತ್ತದೆ ಅನ್ನುವುದು ಮುಂದೆ ಎರಡು ಕಡೆ ಬೇಕಾಗುತ್ತದೆ, ಈಗಲೇ ಲೆಕ್ಕ ಹಾಕಿಟ್ಟುಕೊಳ್ಳಿ. ಎತ್ತರವನ್ನು ಬುಡದ ಅರ್ಧ ಅಗಲದಿಂದ ಭಾಗಿಸಿ, ಅದರ ಆರ್ಕ್‌ಟ್ಯಾನ್ ತೆಗೆದು, ಎರಡರಿಂದ ಗುಣಿಸಿ. 0.5 ಭಾಗ 2 ಅಂದ್ರೆ 0.25. ಕೋನ ಸುಮಾರು 28 ಡಿಗ್ರಿ. ಎತ್ತರ 0.8 ಮಾಡಿದರೆ ಸುಮಾರು 44 ಡಿಗ್ರಿಗೆ ಏರುತ್ತದೆ.

ತಗ್ಗು ಇರುವ ಕಡೆ ಇನ್ನೊಂದು ಎಚ್ಚರ ಬೇಕು. ತಗ್ಗಿನ ತ್ರಿಜ್ಯ ಗುಳ್ಳೆಯ ಎತ್ತರಕ್ಕಿಂತ ಚೆನ್ನಾಗಿ ಜಾಸ್ತಿ ಇರಬೇಕು. 0.5 ತ್ರಿಜ್ಯದ ಫಿಲೆಟ್ (ಗುಂಡಗೆ ಮಾಡಿದ ಮೂಲೆ) ಒಳಗೆ 0.8 ಎತ್ತರದ ಟೆಕ್ಸ್ಚರ್ ಎಬ್ಬಿಸಿದರೆ ಮೈ ತನ್ನನ್ನೇ ತಾನು ಕತ್ತರಿಸಿಕೊಂಡು ಮಡಚಿಕೊಳ್ಳುತ್ತದೆ. ಪರದೆಯಲ್ಲಿ ಕಾಣದಿರಬಹುದು, ಸ್ಲೈಸರ್‌ನಲ್ಲಿ ತೂತಾಗಿ ಕಾಣುತ್ತದೆ.

ಹಂತ 4: ಬುಡದ ಮಾಡೆಲ್ ಸರಿ ಮಾಡಿಕೊಳ್ಳಿ

ಟೆಕ್ಸ್ಚರ್ ಬರುವ ಜಾಗ ಆದಷ್ಟು ಒಂದೇ ಮುಖ ಆಗಿರಲಿ. ಲಾಫ್ಟ್ ಅಥವಾ ಬೌಂಡರಿ ಸರ್ಫೇಸ್ ಎಂಬ ಟೂಲ್‌ನಿಂದ ಒಂದೇ ಏಟಿಗೆ ತೆಗೆದರೆ ಒಳ್ಳೆಯದು. ಆರು ತುಂಡು ಸೇರಿಸಿ ಹೊಲಿದ ಮೈ ಆದರೆ ಪ್ರತಿ ಹೊಲಿಗೆಯಲ್ಲೂ ಡಿಸೈನ್ ಮುರಿಯುತ್ತದೆ. ಸುತ್ತು ಬಂದ ಮೈಗೆ ಒಂದು ಸೀಮ್, ಅಂದ್ರೆ ಎರಡು ತುದಿ ಕೂಡುವ ಗೆರೆ, ಇದ್ದೇ ಇರುತ್ತದೆ. ಅದನ್ನು ಕಣ್ಣಿಗೆ ಬೀಳದ ಕಡೆ ಅಥವಾ ಅಚ್ಚಿನ ಪಾರ್ಟಿಂಗ್ ಲೈನ್ (ಅಚ್ಚಿನ ಎರಡು ಹೋಳು ಕೂಡುವ ಗೆರೆ) ಬರುವ ಕಡೆ ತಿರುಗಿಸಿಡಿ.

ಸ್ಪ್ಲಿಟ್ ಲೈನ್ ಹಾಕಿ ಟೆಕ್ಸ್ಚರ್ ಜಾಗದ ಗಡಿ ಗುರುತು ಮಾಡಿ. ಅಂಚಿನಿಂದ 3 ಮಿ.ಮೀ. ಒಳಗೆ ನಿಲ್ಲಿಸಿ. ಫಿಲೆಟ್, ಸ್ಕ್ರೂ ತೂತು ಎಲ್ಲ ಈಗಲೇ ಮುಗಿಯಬೇಕು. ಟೆಕ್ಸ್ಚರ್ ಆದ ಮೇಲೆ ಫಿಲೆಟ್ ಹಾಕಲು ಹೋದರೆ ಕಂಪ್ಯೂಟರ್ ಕೈ ಎತ್ತುತ್ತದೆ. ಟೆಕ್ಸ್ಚರ್ ಇಲ್ಲದ ಈ ಫೈಲನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಅಳತೆ ಬದಲಾಯಿಸಲು ಮತ್ತೆ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಹಂತ 5: ಮೈಗೆ ತಕ್ಕ ದಾರಿ

ಒಂದೇ ದಿಕ್ಕಿಗೆ ಬಾಗಿದ ಮೈಗೆ ಸಾಲಿಡ್‌ವರ್ಕ್ಸ್‌ನಲ್ಲಿ ರ‍್ಯಾಪ್, ಫ್ಯೂಷನ್‌ನಲ್ಲಿ ಎಂಬಾಸ್ ಸಾಕು. ಸ್ಕೆಚ್ ಹಾಕಿ, ಮುಖ ಆರಿಸಿ, ಎತ್ತರ ಕೊಡಿ, ಮುಗಿಯಿತು. ಸ್ವಲ್ಪವೇ ಎರಡನೇ ದಿಕ್ಕಿಗೆ ಬಾಗಿದ್ದರೂ ಹೇಗೋ ಸರಿಹೋಗುತ್ತದೆ, ಒಂದು ಹೆಸರೋ ಲೋಗೋನೋ ಆದರೆ ಧೈರ್ಯವಾಗಿ ಬಳಸಿ.

ಪ್ರೊಜೆಕ್ಷನ್‌ನ ಕಥೆ ಆಗಲೇ ಹೇಳಿದೆ. ಅದು ಯಾಕೆ ಎಳೆಯುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ. ಮೈ 45 ಡಿಗ್ರಿ ವಾಲಿದ್ದರೆ ಚಿತ್ರ 1.4 ಪಟ್ಟು ಉದ್ದವಾಗುತ್ತದೆ. 60 ಡಿಗ್ರಿಗೆ 2 ಪಟ್ಟು. 75 ಡಿಗ್ರಿಗೆ ಸುಮಾರು 4 ಪಟ್ಟು. ಹಾಗಾಗಿ ಪ್ರೊಜೆಕ್ಷನ್ ಬಳಸುವುದಾದರೆ 30 ಡಿಗ್ರಿ ಒಳಗೆ ವಾಲಿದ ಕಡೆ ಮಾತ್ರ.

ರೈನೋ ಇದ್ದವರಿಗೆ ಫ್ಲೋ ಅಲಾಂಗ್ ಸರ್ಫೇಸ್ ಇದೆ. ಚಪ್ಪಟೆ ಮೈ ಮೇಲೆ ಮಾಡಿದ ಗುಳ್ಳೆಗಳ ಚಾಪೆಯನ್ನು ಡೊಂಕು ಮೈಯ ಯುವಿ ಗೆರೆಗಳ (ಮೈ ಮೇಲೆ ಉದ್ದಕ್ಕೂ ಅಡ್ಡಕ್ಕೂ ಓಡುವ ಗೆರೆಗಳು) ಜೊತೆ ಹರಿಸುತ್ತದೆ. ಗೆರೆ ಹತ್ತಿರ ಬಂದ ಕಡೆ ಗುಳ್ಳೆ ಸಣ್ಣದಾಗುತ್ತದೆ, ದೂರ ಹೋದ ಕಡೆ ದೊಡ್ಡದು. ಹಲಸಿನ ತೊಟ್ಟಿನ ಹಾಗೆ. ಫ್ರೀಕ್ಯಾಡ್‌ನಲ್ಲಿ ಕರ್ವ್ಸ್ ವರ್ಕ್‌ಬೆಂಚ್ ಹಾಕಿಕೊಂಡರೆ ಸ್ಕೆಚ್ ಆನ್ ಸರ್ಫೇಸ್ ಸಿಗುತ್ತದೆ. ಅದೂ ಯುವಿ ಜೊತೆಯೇ ಹೋಗುತ್ತದೆ. ದುಡ್ಡು ಕೊಡದೆ ಕಲಿಯಬೇಕು ಅನ್ನುವ ಹುಡುಗರಿಗೆ ನಾನು ಇದನ್ನೇ ಹೇಳುವುದು. ಆದರೆ ನೂರಾರು ಗುಳ್ಳೆ ಇದ್ದರೆ ಸಾಲಿಡ್ ಮಾಡೆಲ್ ತುಂಬಾ ಭಾರ ಆಗುತ್ತದೆ.

ಹಾಗಾದಾಗ ಮೆಶ್‌ಗೆ, ಅಂದ್ರೆ ಸಣ್ಣ ಸಣ್ಣ ತ್ರಿಕೋನಗಳಿಂದ ಹೆಣೆದ ಮೈಗೆ, ಇಳಿಯಬೇಕು. ಇಲ್ಲಿ ಎರಡು ದಾರಿ.

ಮೊದಲನೆಯದು ಚಿತ್ರದಿಂದ ಎಬ್ಬಿಸುವುದು. ಕಪ್ಪು ಬಿಳುಪು ಚಿತ್ರದಲ್ಲಿ ಬಿಳಿ ಇದ್ದ ಕಡೆ ಮೈ ಏಳುತ್ತದೆ, ಕಪ್ಪು ಇದ್ದ ಕಡೆ ಹಾಗೇ ಇರುತ್ತದೆ. ಸಾಲಿಡ್‌ವರ್ಕ್ಸ್ 2019ರಿಂದ 3ಡಿ ಟೆಕ್ಸ್ಚರ್ ಎಂಬ ಟೂಲ್ ಇದೇ ಕೆಲಸ ಮಾಡುತ್ತದೆ. ಮುಖಕ್ಕೆ ಚಿತ್ರವಿರುವ ಅಪಿಯರೆನ್ಸ್ ಹಾಕಿ, ಬಾಡಿ ಮೇಲೆ ರೈಟ್ ಕ್ಲಿಕ್ ಮಾಡಿ, ಎತ್ತರ ಕೊಟ್ಟು ಮೆಶ್ ಮಾಡಿಸಿ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಾದರೆ ಹೀಗೆ:

ಹಿಡಿಯ ಮೆಶ್ ಇರುವ ಎಸ್‌ಟಿಎಲ್ ಫೈಲನ್ನು ಒಳಗೆ ತನ್ನಿ. ಎಸ್‌ಟಿಎಲ್‌ಗೆ ಅಳತೆಯ ಘಟಕ ಇರುವುದಿಲ್ಲ, 120 ಮಿ.ಮೀ. ಹಿಡಿ 120 ಘಟಕವಾಗಿ ಬರುತ್ತದೆ. ಹಾಗೇ ಬಿಡಿ, ಹೊರಗೆ ತೆಗೆಯುವಾಗಲೂ ಸ್ಕೇಲ್ 1 ಇರಲಿ. ಕ್ಯಾಡ್‌ನಿಂದ ಬಂದ ಮೆಶ್‌ನಲ್ಲಿ ತ್ರಿಕೋನಗಳು ತೆಂಗಿನ ಗರಿಯ ಹಾಗೆ ಉದ್ದುದ್ದ ಇರುತ್ತವೆ. ಅದರ ಮೇಲೆ ಟೆಕ್ಸ್ಚರ್ ಏಳುವುದಿಲ್ಲ. ಮೈಯನ್ನು ಸಣ್ಣ ಸಮ ತುಂಡುಗಳಾಗಿ ಮತ್ತೆ ಹೆಣೆಯುವ ರೀಮೆಶ್ ಮಾಡಿಫೈಯರ್‌ನಲ್ಲಿ ವಾಕ್ಸೆಲ್ ಆರಿಸಿ 0.2 ಕೊಟ್ಟು ಅಪ್ಲೈ ಮಾಡಿ. ರೀಮೆಶ್ ಆದ ಮೇಲೆಯೇ ಯುವಿ ಬಿಚ್ಚಬೇಕು (ಚಿತ್ರ ಕೂರಿಸಲು ಮೈಯನ್ನು ಚಪ್ಪಟೆಯಾಗಿ ಹರಡುವುದು), ಮೊದಲು ಬಿಚ್ಚಿದರೆ ಅಳಿಸಿ ಹೋಗುತ್ತದೆ. ಸೀಮ್ ಗುರುತು ಮಾಡಿ ಅನ್‌ರ‍್ಯಾಪ್ ಮಾಡಿದ ಮೇಲೆ ಚೌಕಳಿ ಚಿತ್ರ ಹಾಕಿ ನೋಡಿ. ಚೌಕ ಎಲ್ಲಿ ಉದ್ದವಾಗಿದೆಯೋ ಅಲ್ಲಿ ನಿಮ್ಮ ಗುಳ್ಳೆಯೂ ಉದ್ದವಾಗುತ್ತದೆ. ಸಮಾಧಾನ ಆದ ಮೇಲೆ ಡಿಸ್‌ಪ್ಲೇಸ್ ಮಾಡಿಫೈಯರ್ ಹಾಕಿ, ಮಿಡ್‌ಲೆವೆಲ್ 0, ಸ್ಟ್ರೆಂತ್ 0.5. ಮಿಡ್‌ಲೆವೆಲ್ ತಾನಾಗಿ 0.5 ಇರುತ್ತದೆ. ಬದಲಾಯಿಸದಿದ್ದರೆ ಕಪ್ಪು ಜಾಗ ಒಳಗೆ ಹೋಗಿ ಹಿಡಿಯ ಅಳತೆಯೇ ಕೆಡುತ್ತದೆ. ಚಿತ್ರದ ಕಲರ್ ಸ್ಪೇಸ್ ನಾನ್ ಕಲರ್ ಇರಲಿ. ಚಿತ್ರ ಜೆಪೆಗ್ ಬೇಡ, 16 ಬಿಟ್ ಪಿಎನ್‌ಜಿ ಇರಲಿ. ಜೆಪೆಗ್‌ನ ಸಣ್ಣ ಕಲೆಗಳೂ ಪ್ರಿಂಟ್‌ನಲ್ಲಿ ಗಂಟುಗಳಾಗಿ ಏಳುತ್ತವೆ. ನಮ್ಮ ಹಿಡಿಗೆ ಒಂದು ಪಿಕ್ಸೆಲ್‌ಗೆ 0.1 ಮಿ.ಮೀ. ಅಂತ ಹಿಡಿದರೆ 1200 ಬೈ 1100 ಚಿತ್ರ ಸಾಕಾಯಿತು.

ಎರಡನೆಯ ದಾರಿ ನನಗೆ ತುಂಬಾ ಇಷ್ಟ. ದೋಟಿ ಹಿಡಿಗೆ ಕೊನೆಗೆ ಬಳಸಿದ್ದೂ ಅದನ್ನೇ. ಇಲ್ಲಿ ಚಪ್ಪಟೆ ಚಿತ್ರವೇ ಇಲ್ಲ. ಹಾಗಾಗಿ ಎಳೆತವೂ ಇಲ್ಲ, ಸೀಮೂ ಇಲ್ಲ. ಮೈ ಮೇಲೆ ಬೀಜ ಬಿತ್ತಿದ ಹಾಗೆ ಚುಕ್ಕೆ ಬಿತ್ತಿ, ಪ್ರತಿ ಚುಕ್ಕೆಗೆ ಒಂದು ಗುಳ್ಳೆ ಕೂರಿಸುವುದು.

ಮೊದಲು ಒಂದೇ ಒಂದು ಗುಳ್ಳೆ ಮಾಡಿ. 4 ಮಿ.ಮೀ. ಅಗಲ, 0.5 ಎತ್ತರ. ಬುಡ ಚಪ್ಪಟೆ ಬಿಡಬೇಡಿ, ಕೆಳಗೆ ಇನ್ನೂ 0.3 ಮಿ.ಮೀ. ಬೇರು ಇಳಿಸಿ. ಯಾಕೆ ಅಂದ್ರೆ ಹಿಡಿಯ ತ್ರಿಜ್ಯ ಸುಮಾರು 17.5 ಮಿ.ಮೀ. ಅದರ ಮೇಲೆ 4 ಮಿ.ಮೀ. ಚಪ್ಪಟೆ ಬಿಲ್ಲೆ ಇಟ್ಟರೆ ಅಂಚು 0.11 ಮಿ.ಮೀ. ಗಾಳಿಯಲ್ಲಿ ನಿಲ್ಲುತ್ತದೆ. ಬೇರು ಇದ್ದರೆ ಮೈಯೊಳಗೆ ಸೇರಿಕೊಳ್ಳುತ್ತದೆ. ಗುಳ್ಳೆಯ ಒರಿಜಿನ್ ಮೈ ಮಟ್ಟದಲ್ಲಿರಲಿ, ಝಡ್ ಅಕ್ಷ ಹೊರಗೆ ನೋಡಲಿ.

ಆಮೇಲೆ ಬ್ಲೆಂಡರ್‌ನಲ್ಲೇ ಹಿಡಿಗೆ ಜಿಯೊಮೆಟ್ರಿ ನೋಡ್ಸ್ ಹಾಕಿ. ಡಿಸ್ಟ್ರಿಬ್ಯೂಟ್ ಪಾಯಿಂಟ್ಸ್ ಆನ್ ಫೇಸಸ್ ತಗೊಂಡು ಪಾಯ್ಸನ್ ಡಿಸ್ಕ್ ಆರಿಸಿ. ಡಿಸ್ಟೆನ್ಸ್ ಮಿನ್ 5.2 ಕೊಡಿ, ಅಂದ್ರೆ 4 ಗುಳ್ಳೆ, 1.2 ಜಾಗ. ಬರೀ ರ‍್ಯಾಂಡಮ್ ಆರಿಸಿದರೆ ಗುಳ್ಳೆಗಳು ಒಂದರ ಮೇಲೊಂದು ಬೀಳುತ್ತವೆ. ಪಾಯ್ಸನ್ ಡಿಸ್ಕ್‌ನಲ್ಲಿ ಯಾವ ಎರಡು ಚುಕ್ಕೆಯೂ ಕೊಟ್ಟ ದೂರಕ್ಕಿಂತ ಹತ್ತಿರ ಬರುವುದಿಲ್ಲ. ಮುಂದೆ ಇನ್‌ಸ್ಟನ್ಸ್ ಆನ್ ಪಾಯಿಂಟ್ಸ್. ಮೊದಲ ನೋಡ್‌ನ ರೊಟೇಶನ್ ಅನ್ನು ಇದರ ರೊಟೇಶನ್‌ಗೆ ಜೋಡಿಸಿ. ಆಗ ಪ್ರತಿ ಗುಳ್ಳೆ ತನ್ನ ಜಾಗದ ಮೈಗೆ ನೇರ ನಿಲ್ಲುತ್ತದೆ. ಕೊನೆಗೆ ರಿಯಲೈಸ್ ಇನ್‌ಸ್ಟನ್ಸಸ್, ಆಮೇಲೆ ಜಾಯಿನ್ ಜಿಯೊಮೆಟ್ರಿಯಲ್ಲಿ ಮೂಲ ಹಿಡಿಯನ್ನೂ ಸೇರಿಸಿ. ಎಲ್ಲ ಒಂದೇ ತುಂಡಾಗಲು 0.2 ವಾಕ್ಸೆಲ್ ರೀಮೆಶ್.

ವಾಕ್ಸೆಲ್ ರೀಮೆಶ್ ಚೂಪು ಅಂಚನ್ನು ಸವೆಸುತ್ತದೆ. ದೋಟಿ ತೂರುವ ಬೋರ್ ಅಳತೆ ಕೆಡಬಾರದು. ಅದಕ್ಕೆ ನಾನು ಬೋರ್ ಇಲ್ಲದ ಗಟ್ಟಿ ಹಿಡಿಗೆ ಟೆಕ್ಸ್ಚರ್ ಹಾಕಿ, ಬೋರನ್ನು ಕೊನೆಗೆ ಬೂಲಿಯನ್‌ನಿಂದ ಕತ್ತರಿಸಿದೆ.

ಹಂತ 6: ಅಂಚಿನಲ್ಲಿ ಮೆಲ್ಲಗೆ ಇಳಿಸಿ

ಗಡಿ ಗೆರೆಯ ಮೇಲೆ ಅರ್ಧ ಕತ್ತರಿಸಿದ ಗುಳ್ಳೆ ನೋಡಲೂ ಚಂದ ಇಲ್ಲ, ಚರ್ಮಕ್ಕೂ ಚುಚ್ಚುತ್ತದೆ. ವೇಟ್ ಪೇಂಟ್‌ನಲ್ಲಿ (ಮೈ ಮೇಲೆ ಸೊನ್ನೆಯಿಂದ ಒಂದರವರೆಗಿನ ಬೆಲೆ ಬಳಿಯುವ ಟೂಲ್) ಗಡಿಯ ಕಡೆ 0, ನಡುವೆ 1 ಇರುವ ವರ್ಟೆಕ್ಸ್ ಗ್ರೂಪ್ ಮಾಡಿ, ಸುಮಾರು 8 ಮಿ.ಮೀ. ದೂರದಲ್ಲಿ ಒಂದರಿಂದ ಸೊನ್ನೆಗೆ ಇಳಿಯಲಿ. ಡಿಸ್‌ಪ್ಲೇಸ್‌ನಲ್ಲಿ ಆ ಗ್ರೂಪ್ ಆರಿಸಿದರೆ ಎತ್ತರ ತಾನೇ ಇಳಿಯುತ್ತದೆ. ನೋಡ್ಸ್ ದಾರಿಯಲ್ಲಿ ಅದೇ ಗ್ರೂಪಿನ ಹೆಸರನ್ನು ನೇಮ್ಡ್ ಆಟ್ರಿಬ್ಯೂಟ್‌ನಲ್ಲಿ ಬರೆದು ಸ್ಕೇಲ್‌ಗೆ ಜೋಡಿಸಿ. ಗುಳ್ಳೆಗಳು ಸಣ್ಣದಾಗುತ್ತಾ ಹೋಗಿ ಮಾಯವಾಗುತ್ತವೆ.

ಹಂತ 7: ತ್ರಿಕೋನಗಳ ಲೆಕ್ಕ

ನಮ್ಮ ಹಿಡಿಯ ಮೈ ವಿಸ್ತೀರ್ಣ 120 ಗುಣಿಸು 110, ಅಂದ್ರೆ ಹೆಚ್ಚುಕಡಿಮೆ 13,200 ಚದರ ಮಿ.ಮೀ. ತ್ರಿಕೋನದ ಬದಿ 0.4 ಮಿ.ಮೀ. ಇದ್ದರೆ ಸುಮಾರು 1.9 ಲಕ್ಷ ತ್ರಿಕೋನ. 0.2 ಮಾಡಿದರೆ 7.6 ಲಕ್ಷ. 0.1 ಮಾಡಿದರೆ 30 ಲಕ್ಷ ದಾಟುತ್ತದೆ. ಬೈನರಿ ಎಸ್‌ಟಿಎಲ್‌ನಲ್ಲಿ ಒಂದು ತ್ರಿಕೋನಕ್ಕೆ 50 ಬೈಟ್. ಅಲ್ಲಿಗೆ ಫೈಲ್ ಕ್ರಮವಾಗಿ 9.5 ಎಂಬಿ, 38 ಎಂಬಿ, 152 ಎಂಬಿ. ಬದಿ ಅರ್ಧ ಮಾಡಿದಾಗೆಲ್ಲ ಫೈಲ್ ನಾಲ್ಕು ಪಟ್ಟು.

4 ಮಿ.ಮೀ. ಗುಳ್ಳೆಗೆ 0.2 ಸಾಕು, ಅಡ್ಡಕ್ಕೆ 20 ತುಂಡು ಸಿಗುತ್ತದೆ. ಪ್ರಿಂಟರ್‌ನ ನಾಝಲ್ 0.4 ಇರುವಾಗ 0.1ರ ಮೆಶ್ ಮಾಡಿ ಕಂಪ್ಯೂಟರ್ ಬಿಸಿ ಮಾಡುವುದರಲ್ಲಿ ಅರ್ಥ ಇಲ್ಲ.

ಹಂತ 8: ಹೇಗೆ ತಯಾರಾಗುತ್ತದೆ ಅನ್ನುವುದನ್ನು ಮರೆಯಬೇಡಿ

3ಡಿ ಪ್ರಿಂಟ್‌ಗೆ ಹಿಡಿಯನ್ನು ನಿಲ್ಲಿಸಿ ಪ್ರಿಂಟ್ ಮಾಡಿ. ಆಗ ಟೆಕ್ಸ್ಚರ್ ಎಲ್ಲ ಗೋಡೆಯ ಮೇಲೆ ಬರುತ್ತದೆ. 28 ಡಿಗ್ರಿ ಗುಳ್ಳೆಯ ಕೆಳಬದಿ 45ರ ಒಳಗೇ ಇರುವುದರಿಂದ ಸಪೋರ್ಟ್ ಬೇಡ. 0.8 ಎತ್ತರದ 44 ಡಿಗ್ರಿ ಗುಳ್ಳೆ 45ರ ಅಂಚಿನಲ್ಲೇ ಇರುವುದರಿಂದ ಕೆಳಬದಿ ಕೊಂಚ ಜೋತು ಬೀಳಬಹುದು. ನಾವು ಬಳಸಿದ್ದು 95ಎ ಗಟ್ಟಿತನದ ಟಿಪಿಯು (ರಬ್ಬರಿನಂತೆ ಬಗ್ಗುವ ಪ್ಲಾಸ್ಟಿಕ್), 0.2 ಮಿ.ಮೀ. ಪದರ.

ಅಚ್ಚಿನ ವಿಷಯ ಬೇರೆ. ನಮ್ಮ ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಅಚ್ಚು, ಎರಕದ ಕೆಲಸ ಮಾಡುವವರ ಎದುರು ಮಾಡೆಲ್ ಇಟ್ಟರೆ ಅವರ ಕಣ್ಣು ಮೊದಲು ಹೋಗುವುದು ಪಾರ್ಟಿಂಗ್ ಲೈನ್‌ಗೆ. ಹಿಡಿಯನ್ನು ಮಲಗಿಸಿ, ಎರಡು ಹೋಳಿನ ಅಚ್ಚು ಮೇಲೆ ಕೆಳಗೆ ತೆರೆಯುತ್ತದೆ ಅಂದುಕೊಳ್ಳಿ. ಹಿಡಿಯ ನೆತ್ತಿಯಲ್ಲಿರುವ ಗುಳ್ಳೆ ಮೇಲೆ ನೋಡುತ್ತದೆ, ಸಲೀಸಾಗಿ ಬಿಡುತ್ತದೆ. ಪಕ್ಕದಲ್ಲಿರುವ ಗುಳ್ಳೆ ಪಕ್ಕಕ್ಕೆ ನೋಡುತ್ತದೆ. ಅಚ್ಚು ಮೇಲೇಳುವಾಗ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಇದೇ ಅಂಡರ್‌ಕಟ್.

ಎಲ್ಲಿಯವರೆಗೆ ಸಿಕ್ಕಿಕೊಳ್ಳುತ್ತದೆ? ಮೈಗೆ ಆ ಜಾಗದಲ್ಲಿ ಎಷ್ಟು ಡಿಗ್ರಿ ಡ್ರಾಫ್ಟ್ (ಅಚ್ಚು ಸಲೀಸಾಗಿ ಬಿಡಲು ಬೇಕಾದ ಓರೆ) ಇದೆಯೋ ಅದಕ್ಕಿಂತ ಗುಳ್ಳೆಯ ಅಂಚಿನ ಕೋನ ಜಾಸ್ತಿ ಇರಬಾರದು. ನಮ್ಮದು 28 ಡಿಗ್ರಿ. ಗುಂಡನೆ ಹಿಡಿಯಲ್ಲಿ ಪಾರ್ಟಿಂಗ್ ಲೈನಿಂದ 28 ಡಿಗ್ರಿ ಮೇಲೆ ಹೋದರೆ ಮೈಗೂ 28 ಡಿಗ್ರಿ ಡ್ರಾಫ್ಟ್ ಬರುತ್ತದೆ. 17.5 ತ್ರಿಜ್ಯಕ್ಕೆ ಅದು 8.5 ಮಿ.ಮೀ. ದೂರ. ಲೈನಿನ ಮೇಲೂ ಕೆಳಗೂ, ಎರಡೂ ಪಕ್ಕ ಸೇರಿಸಿದರೆ 34 ಮಿ.ಮೀ. 110ರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗದಲ್ಲಿ ಗುಳ್ಳೆ ಇಡುವಂತೆಯೇ ಇಲ್ಲ! ರಬ್ಬರಿನಂಥ ವಸ್ತು ಕೊಂಚ ಬಗ್ಗಿ ಹೊರಗೆ ಬರಬಹುದು. ನೈಲಾನ್, ಅಲ್ಯೂಮಿನಿಯಂ ಬರುವುದಿಲ್ಲ.

ಆ ಪಟ್ಟಿಯನ್ನು ಬೋಳು ಬಿಡಬೇಕಾಗಿಲ್ಲ. ಅಲ್ಲಿ ಹಿಡಿಯನ್ನು ಸುತ್ತುವ ಬಳೆಯಂಥ ಏಣುಗಳನ್ನು ಕೊಡಿ. ಅವು ಅಚ್ಚು ತೆರೆಯುವ ದಿಕ್ಕಿನಲ್ಲೇ ಸಾಗುವುದರಿಂದ ಸಿಕ್ಕಿಕೊಳ್ಳುವುದಿಲ್ಲ. ದೋಟಿ ಜಾರುವುದು ಉದ್ದಕ್ಕೆ, ಬಳೆ ತಡೆಯುವುದೂ ಅದನ್ನೇ. ಉದ್ದುದ್ದ ಗೆರೆ ಕೊಟ್ಟರೆ ಎರಡೂ ಲೆಕ್ಕದಲ್ಲಿ ನಷ್ಟ. ಏಣಿನ ಪಕ್ಕಗಳಿಗೂ ಡ್ರಾಫ್ಟ್ ಬೇಕು. ಅಚ್ಚಿನ ಮೇಲೆ ಮಾಡುವ ಸಣ್ಣ ಟೆಕ್ಸ್ಚರ್‌ಗೆ ಒಂದು ರೂಢಿಯ ಲೆಕ್ಕ ಇದೆ, 0.025 ಮಿ.ಮೀ. ಆಳಕ್ಕೆ 1.5 ಡಿಗ್ರಿ ಹೆಚ್ಚುವರಿ ಡ್ರಾಫ್ಟ್. ಮಾಡೆಲ್ ಕಳಿಸುವ ಮೊದಲು ಡ್ರಾಫ್ಟ್ ಅನಾಲಿಸಿಸ್ ಒಮ್ಮೆ ಓಡಿಸಿ, ಸಿಕ್ಕಿಕೊಳ್ಳುತ್ತದೆ ಅಂತ ತೋರಿಸಿದ ಕಡೆ ಗುಳ್ಳೆ ತೆಗೆಯಿರಿ. ಮರಳಿನ ಎರಕಕ್ಕಾದರೆ ಇಷ್ಟು ಸಣ್ಣ ಗುಳ್ಳೆ ಬೇಡವೇ ಬೇಡ. ಮರಳಿನ ಒರಟಲ್ಲೇ ಕಳೆದುಹೋಗುತ್ತದೆ.

ಹಂತ 9: ಪೂರ್ತಿ ಮಾಡುವ ಮೊದಲು ಒಂದು ಚೂರು

ಇಡೀ ಹಿಡಿ ಪ್ರಿಂಟ್ ಮಾಡಬೇಡಿ. ತುಂಬಾ ಡೊಂಕಾಗಿರುವ 30 ಮಿ.ಮೀ. ಚೂರನ್ನು ಕತ್ತರಿಸಿ ಅಷ್ಟನ್ನೇ ತೆಗೆಯಿರಿ. ನಾನು 0.3, 0.5, 0.8 ಎತ್ತರದ ಮೂರು ಚೂರು ಮಾಡಿ ಒಂದು ಭಾನುವಾರ ತೋಟಕ್ಕೆ ಒಯ್ದೆ. ಬಕೆಟ್ ನೀರಿಗೆ ಸುಣ್ಣ ಕಲಸಿ, ಚೂರನ್ನೂ ಕೈಯನ್ನೂ ಅದ್ದಿ ಹಿಡಿದು ನೋಡಿದೆವು. 0.3 ಒದ್ದೆಯಲ್ಲಿ ಇದ್ದೂ ಇಲ್ಲದ ಹಾಗೆ. 0.8 ಗಟ್ಟಿ ಹಿಡಿತ, ಆದರೆ ಹತ್ತು ನಿಮಿಷ ತಿಕ್ಕಿದ ಮೇಲೆ ಹೆಬ್ಬೆರಳ ಬುಡ ಕೆಂಪಾಯಿತು. ಚಿಕ್ಕಪ್ಪ ನಡುವಿನದನ್ನು ಕೈಯಲ್ಲೇ ಇಟ್ಟುಕೊಂಡು, "ಇದೇ ಇರಲಿ. ಹೆಬ್ಬೆಟ್ಟು ಕೂರುವಲ್ಲಿ ಮಾತ್ರ ಗುಳ್ಳೆ ಬೇಡ ಮಾರಾಯ" ಅಂದರು. ಊರಿಂದ ಬಂದ ರಾತ್ರಿ ವೇಟ್ ಪೇಂಟ್ ತೆರೆದು, ಹೆಬ್ಬೆಟ್ಟಿನ ಜಾಗದಲ್ಲಿ 22 ಮಿ.ಮೀ. ಉದ್ದಕ್ಕೆ ಸೊನ್ನೆ ಬಳಿದೆ. ನೋಡ್ಸ್ ತಾನೇ ಗುಳ್ಳೆಗಳನ್ನು ಹಿಂದಕ್ಕೆ ಸರಿಸಿತು, ಬೇರೆ ಯಾವುದನ್ನೂ ಮುಟ್ಟಬೇಕಾಗಲಿಲ್ಲ.